ನಮ್ಮ ‘ಅಲ್ಲಿ’, ಇಂಗ್ಲಿಷಿನ ಇನ್, ಆನ್, ಅಟ್

ಬೆಂಗಳೂರಿನಲ್ಲಿ ಕೂರುವ ಕರ್ನಾಟಕ ಹೈಕೋರ್ಟಿನ ತೀರ್ಪುಗಳ ತಲೆಬರಹ ಹೀಗಿರುತ್ತದೆ: ‘ಇನ್ ದ ಹೈಕೋರ್ಟ್ ಆಫ್ ಕರ್ನಾಟಕ ಅಟ್ ಬೆಂಗಳೂರು’. ಇದನ್ನೇ ಕನ್ನಡದಲ್ಲಿ ಹೇಳಬೇಕಾದರೆ ‘ಬೆಂಗಳೂರಿನಲ್ಲಿರುವ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ’ ಎನ್ನುತ್ತೇವೆ. ಊರಿಗೂ ‘ಅಲ್ಲಿ’, ನ್ಯಾಯಾಲಯಕ್ಕೂ ‘ಅಲ್ಲಿ’. ಇಂಗ್ಲಿಷಿನಲ್ಲಿ ಮಾತ್ರ ನ್ಯಾಯಾಲಯಕ್ಕೆ ‘ಇನ್’, ಊರಿಗೆ ‘ಅಟ್’. ಅಷ್ಟು ದೊಡ್ಡ ಊರಿಗೆ ‘ಇನ್’ ಬರಬೇಕಿತ್ತಲ್ಲ ಎಂದು ಶಾಲೆಯ ವ್ಯಾಕರಣ ಓದಿದವರಿಗೆ ಅನ್ನಿಸುವುದು ಸಹಜ. ಆದರೆ ಬರೆದದ್ದು ಸರಿಯಾಗಿಯೇ ಇದೆ. ಆ ಸಾಲಿನಲ್ಲಿ ಬೆಂಗಳೂರು ಎಂದರೆ ಜನ ಬಾಳಿ ಬದುಕುವ ಊರಲ್ಲ, ಪೀಠ ಕೂರುವ ಠಿಕಾಣಿ. ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಬಹುದಾದ ಒಂದು ಚುಕ್ಕೆ. ವ್ಯಾಜ್ಯ ನಡೆಯುವುದು ನ್ಯಾಯಾಲಯ ಎಂಬ ಸಂಸ್ಥೆಯ ಒಳಗೆ, ಆದ್ದರಿಂದ ಅದಕ್ಕೆ ‘ಇನ್’.

ಇಂಗ್ಲಿಷಿನ ಪ್ರಿಪೊಸಿಷನ್ ಎಂದರೆ ಕೈ ನಡುಗುವ ಎಷ್ಟೋ ಮಂದಿ ನಮ್ಮಲ್ಲಿದ್ದಾರೆ. ಕಷ್ಟದ ಪದಗಳನ್ನು ಕಲಿತಿರುತ್ತಾರೆ, ಕ್ರಿಯಾಪದದ ಕಾಲವನ್ನೂ ಒಂದು ಹದಕ್ಕೆ ತಂದುಕೊಂಡಿರುತ್ತಾರೆ. ಅರ್ಜಿ ಬರೆಯಲು ಕೂತಾಗ ಎರಡಕ್ಷರದ ‘ಇನ್’, ‘ಆನ್’ ಮುಂದೆ ಪೆನ್ನು ನಿಂತುಬಿಡುತ್ತದೆ. ಇದನ್ನು ಚಿಲ್ಲರೆ ವಿಷಯ ಎಂದು ತಳ್ಳಿಹಾಕುವ ಹಾಗಿಲ್ಲ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಹೆನ್ರಿ ಕುಚೆರಾ ಮತ್ತು ನೆಲ್ಸನ್ ಫ್ರಾನ್ಸಿಸ್ 1961ರಲ್ಲಿ ಅಚ್ಚಾದ ಬರಹಗಳಿಂದ ಸುಮಾರು ಹತ್ತು ಲಕ್ಷ ಪದಗಳನ್ನು ಒಟ್ಟುಗೂಡಿಸಿ ಎಣಿಸಿದರು. ಅತಿ ಹೆಚ್ಚು ಬಳಕೆಯ ಮೊದಲ ಆರು ಪದಗಳಲ್ಲಿ ‘ಆಫ್’, ‘ಟು’, ‘ಇನ್’ ಮೂರೂ ಇದ್ದವು. ಇವನ್ನು ಬಿಟ್ಟು ಇಂಗ್ಲಿಷಿನಲ್ಲಿ ಒಂದು ಪ್ಯಾರಾ ಬರೆಯುವುದೂ ಕಷ್ಟ.

ತೊಡಕಿನ ಮೂಲ ನಮ್ಮ ದಡ್ಡತನವಲ್ಲ, ಎರಡು ಭಾಷೆಗಳು ಕೆಲಸ ಹಂಚಿಕೊಂಡಿರುವ ರೀತಿ. ‘ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ’ ಎಂದು ವಿಭಕ್ತಿ ಪ್ರತ್ಯಯಗಳನ್ನು ಬಾಯಿಪಾಠ ಮಾಡಿದ ನಮಗೆ ಸಪ್ತಮಿಯ ‘ಅಲ್ಲಿ’ ಎಂಥ ಜಾಗಕ್ಕಾದರೂ ಒಗ್ಗುತ್ತದೆ. ಡಬ್ಬಿಯಲ್ಲಿ, ಗೋಡೆಯಲ್ಲಿ, ಬಾಗಿಲಲ್ಲಿ, ರಸ್ತೆಯಲ್ಲಿ, ನಿಲ್ದಾಣದಲ್ಲಿ. ಒಳಗೋ ಮೇಲೋ ಪಕ್ಕದಲ್ಲೋ ಎಂಬುದನ್ನು ಕೇಳುವವರು ತಾವೇ ಊಹಿಸಿಕೊಳ್ಳುತ್ತಾರೆ. ಬೇಕೇ ಬೇಕು ಅನ್ನಿಸಿದರೆ ಮಾತ್ರ ‘ಒಳಗೆ’, ‘ಮೇಲೆ’, ‘ಹತ್ತಿರ’ ಎಂದು ಬಿಡಿಸಿ ಹೇಳುತ್ತೇವೆ. ಇಂಗ್ಲಿಷಿನಲ್ಲಿ ಆ ಸೌಕರ್ಯವಿಲ್ಲ. ಬಾಯಿ ತೆರೆಯುವ ಮೊದಲೇ ಆ ಜಾಗವನ್ನು ಹೇಗೆ ನೋಡುತ್ತಿದ್ದೀರಿ ಎಂದು ತೀರ್ಮಾನಿಸಬೇಕು. ಒಂದು ಬಿಂದುವಾಗಿ ಕಂಡರೆ ‘ಅಟ್’. ಒಂದು ಮೈಯಾಗಿಯೋ ಗೆರೆಯಾಗಿಯೋ ಕಂಡು, ವಸ್ತು ಅದಕ್ಕೆ ತಗುಲಿಕೊಂಡಿದ್ದರೆ ‘ಆನ್’. ಸುತ್ತ ಆವರಿಸಿರುವ ಜಾಗವಾಗಿ ಕಂಡರೆ ‘ಇನ್’. ಹಾಗಾಗಿ ‘ಅಲ್ಲಿ’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಏನು ಎಂದು ಹುಡುಕುತ್ತ ಹೋದರೆ ದಾರಿ ತಪ್ಪುತ್ತದೆ. ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನಾನೀಗ ಈ ಜಾಗವನ್ನು ಹೇಗೆ ನೋಡುತ್ತಿದ್ದೇನೆ?

‘ಸಣ್ಣ ಊರಿಗೆ ಅಟ್, ದೊಡ್ಡ ಊರಿಗೆ ಇನ್’ ಎಂಬ ಶಾಲಾ ನಿಯಮವನ್ನೇ ಈ ಪ್ರಶ್ನೆಗೆ ಒಡ್ಡಿ ನೋಡಿ. ರೈಲು ಬೀರೂರಿನಲ್ಲಿ ನಿಲ್ಲುತ್ತದೆ ಎನ್ನುವಾಗ ‘ಅಟ್ ಬೀರೂರ್’. ಪ್ರಯಾಣದ ಗೆರೆಯ ಮೇಲೆ ಬೀರೂರು ಒಂದು ಬಿಂದು. ಆದರೆ ಬೀರೂರಿನಲ್ಲೇ ಹುಟ್ಟಿ ಬೆಳೆದವರು ‘ಐ ಲಿವ್ ಇನ್ ಬೀರೂರ್’ ಎನ್ನಬೇಕು. ಅವರಿಗೆ ಅದು ಬೀದಿ, ಸಂತೆ, ಗುಡಿ ಎಲ್ಲ ಇರುವ ಊರು. ವಿಮಾನ ನಡುವೆ ದುಬೈನಲ್ಲಿ ಇಳಿಯುತ್ತದೆ ಎನ್ನುವಾಗ ಅಷ್ಟು ದೊಡ್ಡ ನಗರಕ್ಕೂ ‘ಸ್ಟಾಪ್ಸ್ ಅಟ್ ದುಬೈ’ ಸರಿಹೋಗುತ್ತದೆ. ಊರಿನ ಗಾತ್ರ ನೆಪ ಮಾತ್ರ, ನೋಟವೇ ಮುಖ್ಯ. ಮಗು ಬೀರೂರಿಗೆ ‘ಇನ್’ ಹಾಕಿತು ಎಂದು ಅಂಕ ಕಳೆದ ಮೇಷ್ಟ್ರು ಇದ್ದರೆ, ಮಗು ಬರೆದದ್ದೇ ಸರಿಯಿದ್ದಿರಬಹುದು.

ವಿಳಾಸ ಹೇಳುವಾಗ ಮೂರೂ ನೋಟ ಒಟ್ಟಿಗೆ ಸಿಗುತ್ತವೆ. ಮನೆ ನಂಬರಿಗೆ ‘ಅಟ್’, ಎಂ.ಜಿ. ರಸ್ತೆಗೆ ‘ಆನ್’, ಬೆಂಗಳೂರಿಗೆ ‘ಇನ್’. ಬಿಂದು, ಗೆರೆ, ಆವರಣ. ರಸ್ತೆಗೆ ‘ಇನ್’ ಹಾಕುವುದು ಹಳೆಯ ಬ್ರಿಟಿಷ್ ರೂಢಿಯಲ್ಲಿ ಇದ್ದೇ ಇದೆ. ಎರಡು ಸಾಲು ಮನೆಗಳ ನಡುವಿನ ಬೀದಿ ಅವರಿಗೆ ಆವರಣವಾಗಿ ಕಂಡಿತು, ಅಮೆರಿಕದವರಿಗೆ ಅದು ಬರೀ ಗೆರೆ. ಹಾಗೆಯೇ ಕೋಣೆಯ ಮೂಲೆಗೆ ‘ಇನ್’, ಬೀದಿಯ ಮೂಲೆಗೆ ‘ಅಟ್’ ಅಥವಾ ‘ಆನ್’. ಕೋಣೆಯ ಮೂಲೆಯೊಳಗೆ ಕುರ್ಚಿ ಹಿಡಿಸುತ್ತದೆ, ಬೀದಿಯ ಮೂಲೆಯೊಳಗೆ ಯಾರೂ ಹೊಗಲಾರರು.

ಇಡೀ ವಿಷಯದಲ್ಲಿ ನನಗೆ ಬಲು ಇಷ್ಟವಾದ ಜೋಡಿ ಮಾವಿನ ಮರದ್ದು. ಕನ್ನಡದಲ್ಲಿ ಮರದಲ್ಲಿ ಹಣ್ಣಿದೆ, ಮರದ ಮೇಲೆ ಹಕ್ಕಿ ಕೂತಿದೆ. ಇಂಗ್ಲಿಷಿನಲ್ಲಿ ಸರಿಯಾಗಿ ತಿರುಗಾಮುರುಗಾ: ಹಣ್ಣು ‘ಆನ್ ದ ಟ್ರೀ’, ಹಕ್ಕಿ ‘ಇನ್ ದ ಟ್ರೀ’. ಪದಕ್ಕೆ ಪದ ಇಟ್ಟು ಬರೆಯುವವರು ಎರಡನ್ನೂ ತಪ್ಪು ಮಾಡುತ್ತಾರೆ, ಅದರಲ್ಲಿ ಅವರ ದೋಷವೇನೂ ಇಲ್ಲ. ಇಂಗ್ಲಿಷಿನ ‘ಆನ್’ ನಮ್ಮ ‘ಮೇಲೆ’ ಅಲ್ಲ. ಎತ್ತರಕ್ಕಿಂತ ತಗುಲಿಕೊಂಡಿರುವುದೇ ಅದಕ್ಕೆ ಮುಖ್ಯ. ತೊಟ್ಟಿನಿಂದ ಕೊಂಬೆಗೆ ಅಂಟಿಕೊಂಡ ಹಣ್ಣು ‘ಆನ್’, ರೆಂಬೆ ಎಲೆಗಳ ದಟ್ಟಣೆಯ ನಡುವೆ ಕೂತ ಹಕ್ಕಿ ‘ಇನ್’. ಇದು ಮನಸ್ಸಿಗೆ ಹತ್ತಿದರೆ ಇನ್ನಷ್ಟು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಬೆರಳಲ್ಲಿರುವ ಉಂಗುರ, ಕಾಲಲ್ಲಿರುವ ಚಪ್ಪಲಿ, ಗೋಡೆಯಲ್ಲಿ ತೂಗುವ ಗಡಿಯಾರ, ಸೂರಿನ ಕೆಳಮೈಗೆ ಕಚ್ಚಿಕೊಂಡ ಹಲ್ಲಿ, ಎಲ್ಲಕ್ಕೂ ‘ಆನ್’. ಹಲ್ಲಿ ತಲೆಕೆಳಗಾಗಿದ್ದರೂ ‘ಆನ್ ದ ಸೀಲಿಂಗ್’.

ಭಾಷೆಗಳು ಜಾಗವನ್ನು ಬೇರೆ ಬೇರೆಯಾಗಿ ಹೋಳು ಮಾಡುತ್ತವೆ ಎಂಬುದನ್ನು ಸುಂಜಾ ಚೋಯ್ ಮತ್ತು ಮೆಲಿಸಾ ಬೋವರ್‌ಮನ್ ಎಂಬ ಇಬ್ಬರು ವಿದ್ವಾಂಸರು 1991ರಲ್ಲಿ ಪ್ರಕಟಿಸಿದ ಅಧ್ಯಯನ ಚೆನ್ನಾಗಿ ತೋರಿಸಿತು. ಕೊರಿಯನ್ ಭಾಷೆಯಲ್ಲಿ ‘ಕ್ಕಿದ’ ಎಂಬ ಕ್ರಿಯಾಪದವಿದೆ. ಒಂದು ವಸ್ತು ಇನ್ನೊಂದಕ್ಕೆ ಬಿಗಿಯಾಗಿ ಕೂಡಿಕೊಳ್ಳುವಂತೆ ಇಡುವುದು ಎಂದರ್ಥ. ಬೆರಳಿಗೆ ಉಂಗುರ ತೊಡಿಸಿದರೂ, ಕ್ಯಾಸೆಟ್ಟನ್ನು ಅದರ ಪೆಟ್ಟಿಗೆಗೆ ಸೇರಿಸಿದರೂ ಅದೇ ಪದ. ಇಂಗ್ಲಿಷಿನಲ್ಲಿ ಮೊದಲನೆಯದು ‘ಆನ್’, ಎರಡನೆಯದು ‘ಇನ್’. ಎರಡು ವರ್ಷ ತುಂಬುವ ಹೊತ್ತಿಗೇ ಕೊರಿಯನ್ ಮಕ್ಕಳು ಕೊರಿಯನ್ನಿನಂತೆ, ಇಂಗ್ಲಿಷ್ ಮಕ್ಕಳು ಇಂಗ್ಲಿಷಿನಂತೆ ಜಾಗವನ್ನು ವಿಂಗಡಿಸುತ್ತಿದ್ದರು. ಅಂದರೆ ‘ಇನ್’ ಮತ್ತು ‘ಆನ್’ ನಡುವಿನ ಗೆರೆ ಪ್ರಕೃತಿ ಎಳೆದದ್ದಲ್ಲ, ಭಾಷೆ ಎಳೆದದ್ದು. ನಮ್ಮ ಮಕ್ಕಳು ಅದನ್ನು ಎಂಟೊಂಬತ್ತನೇ ವಯಸ್ಸಿನಲ್ಲಿ ಹೊಸದಾಗಿ ಎಳೆದುಕೊಳ್ಳಬೇಕು. ಅದಕ್ಕೆ ಹೊತ್ತು ಹಿಡಿಯುತ್ತದೆ.

ಬಸ್ಸಿನದೇ ಒಂದು ಪೇಚು. ‘ಆನ್ ದ ಬಸ್’ ಎಂದು ಮೊದಲ ಸಲ ಓದಿದ ಕನ್ನಡದ ಹುಡುಗನ ಕಣ್ಣಿಗೆ ಬಸ್ಸಿನ ಟಾಪಿನ ಮೇಲೆ ಕೂತ ಜನ ಬರುತ್ತಾರೆ. ಕಾರಿಗೆ, ಆಟೊಗೆ ‘ಇನ್’. ಬಸ್ಸು, ರೈಲು, ವಿಮಾನ, ಹಡಗಿಗೆ ‘ಆನ್’. ಸಣ್ಣ ದೋಣಿಗೆ ಮತ್ತೆ ‘ಇನ್’. ಎದ್ದು ನಿಂತು ಓಡಾಡಬಹುದಾದ ನೆಲವಿದ್ದರೆ ‘ಆನ್’, ಮೈ ಮುದುರಿ ಒಳಸೇರಿ ಕೂರಬೇಕಾದರೆ ‘ಇನ್’ ಎಂದುಕೊಂಡರೆ ಬಹುಪಾಲು ತಪ್ಪುವುದಿಲ್ಲ. ಬೈಕು, ಸೈಕಲ್ಲು, ಕುದುರೆಗೆ ‘ಆನ್’ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಟಿವಿ, ಫೋನು, ಇಂಟರ್ನೆಟ್ಟು, ವಾಟ್ಸ್‌ಆ್ಯಪ್‌ಗೆ ‘ಆನ್’; ಪತ್ರಿಕೆ, ಪುಸ್ತಕ, ಫೋಟೊಗೆ ‘ಇನ್’; ಅದೇ ಪುಸ್ತಕದ ಮೂರನೇ ಪುಟಕ್ಕೆ ‘ಆನ್’. ಮಹಡಿಗೂ ‘ಆನ್’.

ಕಾಲದ ವಿಷಯಕ್ಕೆ ಬಂದರೆ ಕನ್ನಡಿಗರಿಗೆ ಒಂದು ಒಳ್ಳೆಯ ಸುದ್ದಿಯಿದೆ. ಇದನ್ನು ಶಾಲೆಯಲ್ಲಿ ಯಾಕೆ ಹೇಳಿಕೊಡುವುದಿಲ್ಲ ಎಂಬುದೇ ನನಗೆ ಬೇಸರ. ಜಾಗಕ್ಕೆ ಒಂದೇ ‘ಅಲ್ಲಿ’ಯಿಂದ ಕೆಲಸ ಸಾಗಿಸುವ ಕನ್ನಡ, ಕಾಲಕ್ಕೆ ಬಂದಾಗ ಇಂಗ್ಲಿಷಿನಷ್ಟೇ ನಾಜೂಕಾಗಿ ಮೂರು ಬಗೆ ಮಾಡುತ್ತದೆ. ಈ ಸಂಗತಿಯನ್ನೇ ತೆಗೆದುಕೊಳ್ಳಿ: ಭಾಷಾವಾರು ಪ್ರಾಂತ ರಚನೆಯಾಗಿ ಕನ್ನಡ ನಾಡು ಒಂದಾದದ್ದು 1956ರಲ್ಲಿ, ನವೆಂಬರ್ ತಿಂಗಳಿನಲ್ಲಿ, ನವೆಂಬರ್ 1ರಂದು. ಪ್ರತಿ ವರ್ಷ ಆ ದಿನ ಬಾವುಟ ಏರಿಸುವುದು, ಬೆಳಿಗ್ಗೆ ಒಂಬತ್ತು ಗಂಟೆಗೆ ಎಂದಿಟ್ಟುಕೊಳ್ಳಿ. ವರ್ಷಕ್ಕೂ ತಿಂಗಳಿಗೂ ‘ಅಲ್ಲಿ’, ತಾರೀಖಿಗೆ ‘ಅಂದು’, ಗಡಿಯಾರದ ಹೊತ್ತಿಗೆ ‘ಗೆ’. ಇಂಗ್ಲಿಷಿನಲ್ಲಿ ಇವೇ ಮೂರು ಕಡೆ ‘ಇನ್’, ‘ಆನ್’, ‘ಅಟ್’. ಇನ್ 1956, ಇನ್ ನವೆಂಬರ್, ಆನ್ ನವೆಂಬರ್ 1, ಅಟ್ ನೈನ್. ಒಂದಕ್ಕೊಂದು ಜೋಡಿ ಕೂಡಿಸಿಟ್ಟ ಹಾಗಿದೆ. ಬೇಸಿಗೆಯಲ್ಲಿ, ಶ್ರಾವಣದಲ್ಲಿ, ಹನ್ನೆರಡನೇ ಶತಮಾನದಲ್ಲಿ, ಎಲ್ಲಕ್ಕೂ ‘ಇನ್’. ‘ಮುಂದಿನ ಸೋಮವಾರ’, ‘ಕಳೆದ ವರ್ಷ’, ‘ಪ್ರತಿ ದಿನ’ ಎನ್ನುವಾಗ ನಾವು ಯಾವ ಪ್ರತ್ಯಯವನ್ನೂ ಹಚ್ಚುವುದಿಲ್ಲ. ಇಂಗ್ಲಿಷಿನಲ್ಲೂ ‘ನೆಕ್ಸ್ಟ್’, ‘ಲಾಸ್ಟ್’, ‘ಎವ್ರಿ’ ಬಂದ ಕಡೆ ಯಾವುದನ್ನೂ ಹಚ್ಚಬಾರದು. ‘ಆನ್ ನೆಕ್ಸ್ಟ್ ಮಂಡೇ’ ಎಂದು ಬರೆಯುವವರು ತಮ್ಮ ಕನ್ನಡವನ್ನೇ ನಂಬಿದ್ದರೆ ಸಾಕಿತ್ತು.

ಹಬ್ಬಕ್ಕೂ ಈ ಜೋಡಿ ಒಪ್ಪುತ್ತದೆ. ‘ದೀಪಾವಳಿಗೆ ಮಗಳು ಅಳಿಯ ಬಂದಿದ್ದರು’ ಎನ್ನುವಾಗ ಹಬ್ಬದ ಆಸುಪಾಸಿನ ನಾಲ್ಕು ದಿನ ಮನಸ್ಸಿನಲ್ಲಿರುತ್ತದೆ, ಅದು ‘ಅಟ್ ದೀಪಾವಳಿ’. ‘ದೀಪಾವಳಿಯಂದು’ ಎಂದರೆ ಅದೇ ದಿನ, ‘ಆನ್ ದೀಪಾವಳಿ ಡೇ’. ಬ್ರಿಟಿಷರು ಕ್ರಿಸ್‌ಮಸ್‌ಗೂ ಹೀಗೆಯೇ ಮಾಡುತ್ತಾರೆ. ದಿನದ ಹೊತ್ತುಗಳಲ್ಲಿ ಮಾತ್ರ ಸ್ವಲ್ಪ ಎಚ್ಚರ ಬೇಕು. ಬೆಳಿಗ್ಗೆ, ಮಧ್ಯಾಹ್ನ, ಸಂಜೆಗೆ ‘ಇನ್ ದ’. ರಾತ್ರಿಗೆ ‘ಅಟ್ ನೈಟ್’. ಇದು ರೂಢಿ, ಹಾಗೆಯೇ ನೆನಪಿಡಬೇಕು. ‘ಸೋಮವಾರ ಬೆಳಿಗ್ಗೆ’ ಎಂದಾಗ ವಾರದ ಹೆಸರೇ ಗೆಲ್ಲುತ್ತದೆ: ‘ಆನ್ ಮಂಡೇ ಮಾರ್ನಿಂಗ್’.

ಗಡುವಿನ ಮಾತಿನಲ್ಲೂ ಕನ್ನಡದ ಬೆಂಬಲವಿದೆ. ‘ಸೋಮವಾರದೊಳಗೆ ಕೊಡಿ’ ಮತ್ತು ‘ಸೋಮವಾರದವರೆಗೆ ಇಟ್ಟುಕೊಳ್ಳಿ’ ನಮಗೆ ಎಂದೂ ಗೊಂದಲವಾಗುವುದಿಲ್ಲ. ಮೊದಲನೆಯದು ‘ಬೈ ಮಂಡೇ’, ಎರಡನೆಯದು ‘ಅಂಟಿಲ್ ಮಂಡೇ’. ಹಿಂದಿಯಲ್ಲಿ ಎರಡಕ್ಕೂ ‘ತಕ್’ ಒಂದೇ ಆದ್ದರಿಂದ ಆ ಭಾಷೆಯವರು ಇಲ್ಲಿ ಎಡವುತ್ತಾರೆ. ನಮ್ಮವರು ಎಡವುವುದು ಬೇರೆ ಕಡೆ. ‘ಒಳಗೆ’ ಎಂದರೆ ‘ವಿದಿನ್’ ಎಂದುಕೊಂಡು ‘ವಿದಿನ್ ಮಂಡೇ’ ಎಂದು ಬರೆದುಬಿಡುತ್ತಾರೆ. ‘ವಿದಿನ್’ ಮುಂದೆ ಬರಬೇಕಾದ್ದು ಅವಧಿ: ವಿದಿನ್ ತ್ರೀ ಡೇಸ್, ವಿದಿನ್ ಎ ಮಂತ್. ದಿನದ ಹೆಸರಿಗೆ, ಗಂಟೆಗೆ ‘ಬೈ’.

ಕಾನೂನಿನಲ್ಲಂತೂ ಈ ಸಣ್ಣ ಪದಗಳಿಗೆ ಹಣದಷ್ಟೇ ತೂಕ. 1897ರ ಜನರಲ್ ಕ್ಲಾಸಸ್ ಕಾಯ್ದೆಯ 9ನೇ ಸೆಕ್ಷನ್ ಇರುವುದೇ ಎರಡು ಪ್ರಿಪೊಸಿಷನ್‌ಗಳಿಗಾಗಿ. ಕೇಂದ್ರದ ಕಾಯ್ದೆಗಳಲ್ಲಿ ದಿನಗಳನ್ನು ಎಣಿಸುವಾಗ ಮೊದಲ ದಿನವನ್ನು ಬಿಡಬೇಕೆಂದರೆ ‘ಫ್ರಮ್’ ಎಂದು ಬರೆದರೆ ಸಾಕು, ಕೊನೆಯ ದಿನವನ್ನು ಸೇರಿಸಬೇಕೆಂದರೆ ‘ಟು’ ಎಂದು ಬರೆದರೆ ಸಾಕು ಎಂದು ಅದು ಹೇಳುತ್ತದೆ. ಚೆಕ್ ಬೌನ್ಸ್ ಪ್ರಕರಣಗಳಲ್ಲಿ ದೂರು ಸಲ್ಲಿಸಲು ಒಂದು ತಿಂಗಳ ಗಡುವಿದೆ. ಆ ಗಡುವನ್ನು ಹೇಳುವ ಸೆಕ್ಷನ್ನಿನಲ್ಲಿ ‘ಫ್ರಮ್ ದ ಡೇಟ್’ ಬದಲು ‘ಆಫ್ ದ ಡೇಟ್’ ಎಂದು ಬರೆದಿದೆ. ಹಾಗಾದರೆ ಮೊದಲ ದಿನ ಲೆಕ್ಕಕ್ಕೆ ಸೇರಬೇಕೋ ಬೇಡವೋ? 1999ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಎರಡು ತೀರ್ಪುಗಳು ಈ ಬಗ್ಗೆ ಒಂದಕ್ಕೊಂದು ಹೊಂದಲಿಲ್ಲ. ಕೊನೆಗೆ 2013ರ ಆಗಸ್ಟ್‌ನಲ್ಲಿ ಎಕಾನ್ ಆಂತ್ರಿ ವಿರುದ್ಧ ರೋಮ್ ಇಂಡಸ್ಟ್ರೀಸ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಕೂತು, ಇಲ್ಲಿ ‘ಆಫ್’ಗೂ ‘ಫ್ರಮ್’ಗೂ ಭೇದವಿಲ್ಲ, ಮೊದಲ ದಿನವನ್ನು ಬಿಟ್ಟೇ ಎಣಿಸಬೇಕು ಎಂದು ಇತ್ಯರ್ಥ ಮಾಡಿತು. ಒಂದು ದಿನ ಹೆಚ್ಚು ಕಡಿಮೆಯಾದರೆ ದೂರೇ ಬಿದ್ದುಹೋಗುತ್ತದೆ. ದೇಶದ ಅತ್ಯುನ್ನತ ನ್ಯಾಯಾಲಯ ಇಷ್ಟು ವರ್ಷ ಜಿಜ್ಞಾಸೆ ನಡೆಸಿದ ಪದಗಳ ಮುಂದೆ ಹತ್ತನೇ ತರಗತಿಯ ಮಗು ತಡವರಿಸಿದರೆ ಬೈಯುವುದು ನ್ಯಾಯವಲ್ಲ.

ಕನ್ನಡ ನಮ್ಮ ಕೈಬಿಡುವ ಜಾಗವೂ ಒಂದಿದೆ. ‘ಐದು ವರ್ಷದಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ’, ‘2019ರಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ’, ಎರಡರಲ್ಲೂ ‘ಇಂದ’. ಇಂಗ್ಲಿಷಿನಲ್ಲಿ ಅವಧಿಯ ಉದ್ದಕ್ಕೆ ‘ಫಾರ್’, ಶುರುವಾದ ಬಿಂದುವಿಗೆ ‘ಸಿನ್ಸ್’. ಜೊತೆಗೆ ಕ್ರಿಯಾಪದವೂ ಬದಲಾಗಿ ‘ಹ್ಯಾವ್ ಬೀನ್ ವರ್ಕಿಂಗ್’ ಆಗಬೇಕು. ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಎಂಬ ವಾಕ್ಯ ನಮ್ಮ ಸಂದರ್ಶನಗಳಲ್ಲಿ ಮತ್ತೆ ಮತ್ತೆ ಕೇಳಿಬರುವುದು ಇದೇ ಕಾರಣಕ್ಕೆ. ಜರ್ಮನ್ನರ ‘ಝೈಟ್’ ಎಂಬ ಪದವೂ ಎರಡಕ್ಕೂ ಸಲ್ಲುತ್ತದೆ, ಅವರೂ ವರ್ತಮಾನ ಕಾಲದಲ್ಲೇ ಹೇಳುತ್ತಾರೆ, ಇಂಗ್ಲಿಷ್ ಕಲಿಯುವಾಗ ಇದೇ ತಪ್ಪು ಮಾಡುತ್ತಾರೆ. ಇದಕ್ಕೆ ಅಭ್ಯಾಸವೊಂದೇ ಮದ್ದು. ಮುಂದೆ ಎಣಿಕೆ ಇದ್ದರೆ ಫಾರ್, ತಾರೀಖೋ ಘಟನೆಯೋ ಇದ್ದರೆ ಸಿನ್ಸ್. ಹಾಗೆಯೇ ‘ಮನೆಗೆ’ ಎನ್ನುವಲ್ಲಿ ನಮ್ಮ ‘ಗೆ’ ಬಿಡುವಂತಿಲ್ಲ, ಇಂಗ್ಲಿಷಿನ ‘ಗೋ ಹೋಮ್’ನಲ್ಲಿ ‘ಟು’ ಸೇರಿಸುವಂತಿಲ್ಲ. ‘ರೀಚ್’ ಆದ ಮೇಲೂ ‘ಟು’ ಬೇಡ.

ನೋಟದಿಂದ ವಿವರಿಸಲಾಗದ ಒಂದಿಷ್ಟು ಉಳಿದೇ ಉಳಿಯುತ್ತದೆ. ಅದಕ್ಕೆ ಕಾರಣ ಇಂಗ್ಲಿಷಿನ ಹಳೆಯ ಬದುಕು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿಗೂ ನಮ್ಮ ಹಾಗೆ ವಿಭಕ್ತಿ ಪ್ರತ್ಯಯಗಳಿದ್ದವು. ಕಾಲಕ್ರಮೇಣ ಅವು ಸವೆದು ಉದುರಿದವು, ಅವುಗಳ ಭಾರವೆಲ್ಲ ಪ್ರಿಪೊಸಿಷನ್‌ಗಳ ಹೆಗಲೇರಿತು. ಆ ಕಾಲದ ‘ಆನ್’ ಇಂದಿನ ‘ಇನ್’ ಮಾಡುವ ಕೆಲಸವನ್ನೂ ಬಹಳಷ್ಟು ಮಾಡುತ್ತಿತ್ತು. ‘ಅಲೈವ್’, ‘ಅಸ್ಲೀಪ್’, ‘ಅಶೋರ್’ ಪದಗಳ ಮೊದಲಲ್ಲಿರುವ ‘ಅ’ ಆ ಹಳೆಯ ‘ಆನ್’ ಸವೆದು ಉಳಿದದ್ದು. ಇಷ್ಟು ಹಳೆಯ ಪದಗಳಿಗೆ ಒಂದೇ ಅಚ್ಚಿನ ನಿಯಮ ಇರಲು ಸಾಧ್ಯವಿಲ್ಲ.

ಇಂಗ್ಲಿಷ್ ಮಾತಾಡುವವರಲ್ಲೇ ಒಮ್ಮತವಿಲ್ಲದ ಕಡೆಗಳೂ ಇವೆ. ವಾರಾಂತ್ಯಕ್ಕೆ ಬ್ರಿಟನ್ನಿನವರು ‘ಅಟ್’ ಎಂದರೆ ಅಮೆರಿಕದವರು ‘ಆನ್’. ತಂಡದಲ್ಲಿ ಆಡುವವನು ಬ್ರಿಟನ್ನಿನಲ್ಲಿ ‘ಇನ್ ದ ಟೀಮ್’, ಅಮೆರಿಕದಲ್ಲಿ ‘ಆನ್ ದ ಟೀಮ್’. ಆಸ್ಪತ್ರೆಗೆ ಸೇರಿದ ರೋಗಿ ಬ್ರಿಟನ್ನಿನಲ್ಲಿ ‘ಇನ್ ಹಾಸ್ಪಿಟಲ್’, ಅಮೆರಿಕದಲ್ಲಿ ನಡುವೆ ಒಂದು ‘ದ’ ಬರುತ್ತದೆ. ನಮ್ಮ ಪಠ್ಯಪುಸ್ತಕ ಬ್ರಿಟಿಷ್ ದಾರಿಯದು, ಮಕ್ಕಳು ನೋಡುವ ಸಿನಿಮಾ, ವಿಡಿಯೊಗಳಲ್ಲಿ ಹೆಚ್ಚಿನವು ಅಮೆರಿಕದವು. ಹೀಗಾಗಿ ಮಗು ‘ಆನ್ ದ ವೀಕೆಂಡ್’ ಎಂದು ಬರೆದರೆ ಕೆಂಪು ಗೆರೆ ಎಳೆಯುವ ಮೊದಲು ಒಂದು ಗಳಿಗೆ ಯೋಚಿಸಬೇಕು.

ಇಂಗ್ಲಿಷ್ ಕಲಿಸುವವರಲ್ಲಿ, ಮನೆಯಲ್ಲಿ ಮಕ್ಕಳನ್ನು ಓದಿಸುವ ತಂದೆತಾಯಿಯರಲ್ಲಿ ನನ್ನ ಕೋರಿಕೆ ಇಷ್ಟು. ಬಿಟ್ಟ ಸ್ಥಳ ತುಂಬಿಸುವ ಅಭ್ಯಾಸ ಮಾಡಿಸುವ ಮುನ್ನ ಚಿತ್ರ ಬಿಡಿಸಲು ಹೇಳಿ. ಮರ, ಹಣ್ಣು, ಹಕ್ಕಿ, ಬಸ್ಸು, ಬೀದಿಯ ತಿರುವು. ಮಗು ಜಾಗವನ್ನು ಹೇಗೆ ನೋಡಿತು ಎಂದು ಕೇಳಿ, ಆಮೇಲೆ ಪದ ಕೊಡಿ. ಪದಗಳನ್ನು ಒಂಟಿಯಾಗಿ ಕೊಡದೆ ‘ಅಟ್ ನೈಟ್’, ‘ಇನ್ ದ ರೇನ್’, ‘ಆನ್ ದ ಫೋನ್’ ಎಂದು ಜೋಡಿಯಾಗಿಯೇ ಬಾಯಿಗೆ ಹತ್ತಿಸಿ. ಕಾಲದ ಪಾಠಕ್ಕೆ ಬಂದಾಗ ‘ಗಂಟೆಗೆ, ದಿನದಂದು, ವರ್ಷದಲ್ಲಿ’ ಎಂಬ ಕನ್ನಡದ ಮೂರನ್ನು ಹಲಗೆಯ ಮೇಲೆ ಬರೆದು, ಎದುರಿಗೆ ಇಂಗ್ಲಿಷಿನ ಮೂರನ್ನು ಬರೆಯಿರಿ. ಕನ್ನಡ ಬಳಸಿದರೆ ಇಂಗ್ಲಿಷ್ ಕೆಡುತ್ತದೆ ಎಂಬ ಭಯವನ್ನು ಬಿಡಿ. ‘ಅಲ್ಲಿ ಎಂದರೆ ಇನ್’ ಎಂದು ಹೇಳಿಕೊಡುವುದನ್ನು ಮಾತ್ರ ದಯವಿಟ್ಟು ಇಂದೇ ನಿಲ್ಲಿಸಿ.